ಓಡದೆ ನಿಲ್ಲುವವರು: ಅಗ್ನಿಶಾಮಕ ದಳಕ್ಕೆ ಹ್ಯಾಜ್‌ಮ್ಯಾಟ್ ಹುದ್ದೆ ಯಾಕೆ ಬೇಕು?

ಹೆದ್ದಾರಿಯಲ್ಲಿ ಒಂದು ಟ್ಯಾಂಕರ್ ಮಗುಚಿ ಬಿದ್ದಿದೆ ಅಂದುಕೊಳ್ಳಿ. ಅಡಿಯಿಂದ ಏನೋ ಸೋರುತ್ತಿದೆ. ಬಣ್ಣವಿಲ್ಲ, ಹೊಗೆಯಿಲ್ಲ, ಬೆಂಕಿಯಂತೂ ಇಲ್ಲವೇ ಇಲ್ಲ. ಸೈರನ್ ಹಾಕಿಕೊಂಡು ಬಂದ ಫೈರ್ ಇಂಜಿನ್ ಹತ್ತಿರ ಹೋಗದೆ ದೂರದಲ್ಲೇ ನಿಲ್ಲುತ್ತದೆ. ಇಳಿದವರು ಪೈಪ್ ಎಳೆಯುವುದಿಲ್ಲ. ಒಬ್ಬರು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡುತ್ತಾರೆ, ಇನ್ನೊಬ್ಬರು ಬೈನಾಕ್ಯುಲರ್ ತೆಗೆದು ಟ್ಯಾಂಕರ್‌ನ ಬೆನ್ನಿನ ಮೇಲಿರುವ ಫಲಕ ಓದುತ್ತಾರೆ. ನೆರೆದ ಜನಕ್ಕೆ ತಾಳ್ಮೆ ಇಲ್ಲ. "ಏನ್ರೀ, ಸುಮ್ನೆ ನಿಂತ್ಕೊಂಡಿದ್ದೀರಲ್ಲ, ನೀರು ಹೊಡೀರಿ!"

ಹಾಗೆ ನಿಂತವರು ಆ ಹೊತ್ತಿಗೆ ಮಾಡಬೇಕಾದ ಕೆಲಸವನ್ನೇ ಮಾಡುತ್ತಿದ್ದಾರೆ. ಕರೆ ಬಂದ ತಕ್ಷಣ ಓಡುವುದನ್ನು ವರ್ಷಗಟ್ಟಲೆ ರೂಢಿ ಮಾಡಿಕೊಂಡವರಿಗೆ ನಿಲ್ಲುವುದನ್ನು ಬೇರೆಯಾಗಿಯೇ ಕಲಿಸಬೇಕಾಗುತ್ತದೆ. ಅಗ್ನಿಶಾಮಕ ದಳ "ನಮಗೆ ಹ್ಯಾಜ್‌ಮ್ಯಾಟ್ ಸಿಬ್ಬಂದಿ ಬೇಕು, ಹೊಸ ಹುದ್ದೆ ಮಂಜೂರು ಮಾಡಿ" ಅಂತ ಕೇಳಿದಾಗ ಕೇಳುತ್ತಿರುವುದು ಮುಖ್ಯವಾಗಿ ಇಂಥವರನ್ನು. ಆದರೆ ಬಜೆಟ್ ಚರ್ಚೆಗೆ ಬಂದಾಗ ಹೊರಗಿನವರಿಗೆ ಕಾಣುವುದು ಒಂದು ಅಂಕಿ ಮಾತ್ರ. ಇಷ್ಟೊಂದು ಜನ ಯಾಕೆ, ಇರುವವರೇ ಸಾಲಲ್ವಾ ಅನ್ನುವ ಪ್ರಶ್ನೆ ಸಹಜ. ಬುಡದಿಂದ ನೋಡೋಣ.

ಹ್ಯಾಜ್‌ಮ್ಯಾಟ್ ಅಂದರೆ ಏನು?

ಅಪಾಯಕಾರಿ ವಸ್ತುಗಳಿಗೆ ಇಂಗ್ಲಿಷಿನಲ್ಲಿರುವ ಹೆಸರನ್ನು ಮೊಟಕು ಮಾಡಿ ಹ್ಯಾಜ್‌ಮ್ಯಾಟ್ ಅಂತಾರೆ. ಜನರಿಗೆ, ಆಸ್ತಿಗೆ, ನೀರು ನೆಲಕ್ಕೆ ಹಾನಿ ಮಾಡಬಲ್ಲ ಯಾವುದೇ ವಸ್ತು ಇದರಲ್ಲಿ ಬರುತ್ತದೆ. ಸಾಗಣೆಯ ಲೆಕ್ಕದಲ್ಲಿ ವಿಶ್ವಸಂಸ್ಥೆಯ ಪದ್ಧತಿ ಇವನ್ನು 9 ವರ್ಗಗಳಾಗಿ ವಿಂಗಡಿಸಿದೆ. ಸ್ಫೋಟಕ, ಅನಿಲ, ಉರಿಯುವ ದ್ರವ, ಉರಿಯುವ ಘನವಸ್ತು, ಬೇರೆಯದು ಉರಿಯಲು ಆಮ್ಲಜನಕ ಒದಗಿಸುವ ವಸ್ತು, ವಿಷ ಮತ್ತು ಸೋಂಕು ತರುವಂಥದ್ದು, ವಿಕಿರಣ ಸೂಸುವಂಥದ್ದು, ಆ್ಯಸಿಡ್‌ನಂಥ ಕೊರೆಯುವ ವಸ್ತು, ಕೊನೆಗೆ ಇದ್ಯಾವುದಕ್ಕೂ ಸೇರದ ಇತರೆ. ಲಿಥಿಯಂ ಬ್ಯಾಟರಿ ಇರುವುದು ಆ ಒಂಬತ್ತನೆಯದರಲ್ಲಿ.

ಹೆಸರು ಕೇಳಿದರೆ ದೊಡ್ಡ ಕಾರ್ಖಾನೆ ನೆನಪಾಗುತ್ತದೆ. ಆದರೆ ಈಜುಕೊಳದ ಕ್ಲೋರಿನ್, ಶೀತಲ ಗೋದಾಮಿನ ಅಮೋನಿಯಾ, ಅಡುಗೆ ಅನಿಲ, ಗೊಬ್ಬರದ ಗೋದಾಮು ಎಲ್ಲವೂ ಇದೇ ಪಟ್ಟಿಯವು. ಬಟ್ಟೆಗೆ ಹಾಕುವ ಬ್ಲೀಚ್ ಮತ್ತು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬೆರೆತರೆ ಬಾತ್‌ರೂಮಿನಲ್ಲೇ ಕ್ಲೋರಿನ್ ಅನಿಲ ಹುಟ್ಟುತ್ತದೆ. (ಇದನ್ನು ಪರೀಕ್ಷೆ ಮಾಡಿ ನೋಡಬೇಡಿ.)

ಬೆಂಕಿ ಆರಿಸುವವರಿಗೆ ಇದು ಬರಲ್ವಾ?

ಸ್ವಲ್ಪ ಮಟ್ಟಿಗೆ ಬರುತ್ತದೆ. ತೊಂದರೆ ಏನೆಂದರೆ, ಮಾಮೂಲಿ ಬೆಂಕಿಯಲ್ಲಿ ಒಳ್ಳೆಯದಾದ ಗುಣಗಳೇ ಇಲ್ಲಿ ಕೈಕೊಡುತ್ತವೆ. ಮನೆಗೆ ಬೆಂಕಿ ಬಿದ್ದರೆ ಬೇಗ ಹೋಗಬೇಕು, ಹತ್ತಿರ ಹೋಗಬೇಕು, ನೀರು ಹೊಡೆಯಬೇಕು. ರಾಸಾಯನಿಕದ ಮುಂದೆ ಈ ಮೂರೂ ಜೀವಕ್ಕೆ ಕುತ್ತು ತರಬಹುದು. ಕ್ಯಾಲ್ಸಿಯಂ ಕಾರ್ಬೈಡ್ ಮೇಲೆ ನೀರು ಬಿದ್ದರೆ ಉರಿಯುವ ಅಸಿಟಿಲೀನ್ ಅನಿಲ ಬರುತ್ತದೆ. ಸೋಡಿಯಂ ಲೋಹಕ್ಕೆ ನೀರು ತಾಗಿದರೆ ಅದೇ ಸಿಡಿಯುತ್ತದೆ.

ಗ್ಯಾಸ್ ಟ್ಯಾಂಕಿನ ಉದಾಹರಣೆ ನೋಡಿ. ಒಲೆಯ ಮೇಲಿಟ್ಟ ಪಾತ್ರೆಯಲ್ಲಿ ನೀರಿರುವಷ್ಟು ಹೊತ್ತು ಪಾತ್ರೆ ಸುಡುವುದಿಲ್ಲ, ಶಾಖವನ್ನು ನೀರು ಹೀರಿಕೊಳ್ಳುತ್ತಿರುತ್ತದೆ. ನೀರು ಬತ್ತಿದ ಮೇಲೆ ಲೋಹ ಕೆಂಪಾಗುತ್ತದೆ. ಬೆಂಕಿಗೆ ಸಿಕ್ಕ ಗ್ಯಾಸ್ ಟ್ಯಾಂಕೂ ಹಾಗೆಯೇ. ದ್ರವ ಇರುವ ಕೆಳಭಾಗ ತಡೆದುಕೊಳ್ಳುತ್ತದೆ, ಅದರ ಮೇಲಿನ ಬರೀ ಆವಿ ತುಂಬಿದ ಭಾಗದ ಲೋಹ ಮೆತ್ತಗಾಗುತ್ತದೆ. ಒಳಗೆ ಒತ್ತಡ ಏರುತ್ತಲೇ ಇರುತ್ತದೆ. ಒಂದು ಕ್ಷಣದಲ್ಲಿ ಟ್ಯಾಂಕ್ ಹರಿದು, ಒಳಗಿದ್ದ ದ್ರವವೆಲ್ಲ ಒಮ್ಮೆಲೇ ಆವಿಯಾಗಿ ಬೆಂಕಿಯ ಉಂಡೆಯಾಗುತ್ತದೆ. 1973ರ ಜುಲೈನಲ್ಲಿ ಅಮೆರಿಕದ ಅರಿಝೋನಾ ರಾಜ್ಯದ ಕಿಂಗ್‌ಮನ್‌ನಲ್ಲಿ ಪ್ರೊಪೇನ್ ತುಂಬಿದ್ದ ರೈಲ್ವೆ ಟ್ಯಾಂಕ್ ಹೀಗೇ ಸಿಡಿದು 11 ಅಗ್ನಿಶಾಮಕರು ತೀರಿಕೊಂಡರು.

ಅದೇ ದೇಶದ ಕಾನ್ಸಾಸ್ ಸಿಟಿಯಲ್ಲಿ 1988ರ ನವೆಂಬರ್ 29ರ ಬೆಳಗಿನ ಜಾವ ರಸ್ತೆ ಕಾಮಗಾರಿಯ ಜಾಗದಲ್ಲಿ ಬೆಂಕಿ ಎಂದು ಕರೆ ಬಂತು. ಅಲ್ಲಿ ನಿಂತಿದ್ದ ಟ್ರೇಲರ್‌ನಲ್ಲಿ ಬಂಡೆ ಒಡೆಯಲು ಇಟ್ಟಿದ್ದ ಅಮೋನಿಯಂ ನೈಟ್ರೇಟ್ ಸ್ಫೋಟಕವಿತ್ತು. ಹತ್ತಿರ ಹೋದ 6 ಅಗ್ನಿಶಾಮಕರೂ ಉಳಿಯಲಿಲ್ಲ. ಆ ನಗರದ ದಳಕ್ಕೆ ಹ್ಯಾಜ್‌ಮ್ಯಾಟ್ ತಂಡ ಬಂದದ್ದು ಇದಾದ ಮೇಲೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಕತೆ ಅನ್ನಬಹುದು, ಆದರೆ ಜಗತ್ತಿನ ಎಷ್ಟೋ ಕಡೆ ಇಂಥ ತಂಡಗಳು ಹುಟ್ಟಿದ್ದು ಹೀಗೆಯೇ.

2015ರ ಆಗಸ್ಟ್‌ನಲ್ಲಿ ಚೀನಾದ ಟಿಯಾಂಜಿನ್ ಬಂದರಿನಲ್ಲಿ ನಡೆದದ್ದು ಇನ್ನೂ ದೊಡ್ಡದು. ಗೋದಾಮಿನಲ್ಲಿದ್ದ ನೈಟ್ರೋಸೆಲ್ಯುಲೋಸ್ ತಾನೇ ಕಾವೇರಿ ಹೊತ್ತಿಕೊಂಡಿತು. ಪಕ್ಕದಲ್ಲೇ ಸುಮಾರು 800 ಟನ್ ಅಮೋನಿಯಂ ನೈಟ್ರೇಟ್. 165 ಮಂದಿ ಸತ್ತರು, 8 ಮಂದಿ ಸಿಗಲೇ ಇಲ್ಲ. ಇವರಲ್ಲಿ ನೂರಕ್ಕೂ ಹೆಚ್ಚು ಜನ ಬೆಂಕಿ ಆರಿಸಲು ಹೋದವರು.

ನಾಲ್ಕು ಅಂಕಿ ಮತ್ತು ಒಂದು ಮೀಟರ್

ಹ್ಯಾಜ್‌ಮ್ಯಾಟ್ ತಂಡದ ಮೊದಲ ಕೆಲಸ "ಇದು ಏನು" ಅಂತ ಕಂಡುಹಿಡಿಯುವುದು. ಟ್ಯಾಂಕರ್ ಮೇಲಿನ ಫಲಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ, ಯುಎನ್ ನಂಬರ್ ಅಂತ ಹೆಸರು. 1203 ಅಂದರೆ ಪೆಟ್ರೋಲ್. 1230 ಅಂದರೆ ಮೆಥನಾಲ್. ದೂರದಿಂದ, ಮಳೆಯಲ್ಲಿ, ಗಡಿಬಿಡಿಯಲ್ಲಿ ಕೊನೆಯ ಎರಡು ಅಂಕಿ ಅದಲುಬದಲಾದರೆ ಏನಾಗುತ್ತದೆ ನೋಡಿ. ಪೆಟ್ರೋಲ್ ಬೆಂಕಿಗೆ ಹಾಕುವ ಮಾಮೂಲಿ ನೊರೆ ಮೆಥನಾಲ್ ಮೇಲೆ ನಿಲ್ಲುವುದಿಲ್ಲ, ಕರಗಿ ಹೋಗುತ್ತದೆ. ಅದಕ್ಕೆ ಬೇರೆ ಜಾತಿಯ ನೊರೆಯೇ ಬೇಕು. ಸಾಲದ್ದಕ್ಕೆ ಮೆಥನಾಲ್ ಉರಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಬೆಂಕಿ ಇಲ್ಲ ಅಂದುಕೊಂಡು ಅದರೊಳಗೇ ಕಾಲಿಡಬಹುದು.

ಆಮೇಲೆ ಮೀಟರ್. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೆಟ್ಟಿಗೆ ಇದು. ಸಾಮಾನ್ಯವಾದ ಒಂದು ಮಾದರಿ ನಾಲ್ಕು ವಿಷಯ ಹೇಳುತ್ತದೆ: ಆಮ್ಲಜನಕ ಎಷ್ಟಿದೆ, ಉರಿಯುವ ಅನಿಲ ಎಷ್ಟಿದೆ, ಕಾರ್ಬನ್ ಮಾನಾಕ್ಸೈಡ್ ಎಷ್ಟು, ಹೈಡ್ರೋಜನ್ ಸಲ್ಫೈಡ್ ಎಷ್ಟು. ಬಟನ್ ಒತ್ತಿದರೆ ಅಂಕಿ ಬರುತ್ತದೆ, ಇದಕ್ಕೇನು ಪರಿಣತರು ಬೇಕಾ ಅನ್ನಿಸಬಹುದು.

ಬೇಕು. ಅಮೋನಿಯಾ ಸೋರಿದೆ ಅಂದುಕೊಳ್ಳಿ. ಅದು ಗಾಳಿಯಲ್ಲಿ ಹೊತ್ತಿಕೊಳ್ಳಬೇಕಾದರೆ ಕಡಿಮೆಯೆಂದರೂ ಶೇ. 15ರಷ್ಟು ಸೇರಿರಬೇಕು. ಉರಿಯುವ ಅನಿಲ ಅಳೆಯುವ ಮೀಟರ್ ಹೇಳುವುದು "ಹೊತ್ತಿಕೊಳ್ಳುವ ಮಟ್ಟದ ಶೇಕಡಾ ಎಷ್ಟು ತಲುಪಿದೆ" ಅನ್ನುವುದನ್ನು. ಆದರೆ ಅಮೋನಿಯಾ 300 ಪಿಪಿಎಂ ಆದಾಗಲೇ ಜೀವಕ್ಕೆ ತಕ್ಷಣದ ಅಪಾಯ ಅಂತ ಲೆಕ್ಕ. 300 ಪಿಪಿಎಂ ಅಂದರೆ ಗಾಳಿಯಲ್ಲಿ ಶೇ. 0.03. ಹೊತ್ತಿಕೊಳ್ಳುವ ಮಟ್ಟದ 500ರಲ್ಲಿ ಒಂದು ಪಾಲು. ಮೀಟರ್ ಪರದೆಯ ಆ ಕಾಲಂನಲ್ಲಿ ಸೊನ್ನೆ ಇರುತ್ತದೆ, ಅಲ್ಲಿ ಮಾಸ್ಕ್ ಇಲ್ಲದೆ ನಿಂತವನಿಗೆ ಉಸಿರು ಸಿಗುವುದಿಲ್ಲ. ಮೀಟರ್ ಸುಳ್ಳು ಹೇಳಿಲ್ಲ, ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು. ಮೂಗನ್ನೂ ನಂಬುವ ಹಾಗಿಲ್ಲ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ, ಜಾಸ್ತಿಯಾದಾಗ ವಾಸನೆ ಹಿಡಿಯುವ ಶಕ್ತಿಯನ್ನೇ ಮಂಕು ಮಾಡುತ್ತದೆ. ವಾಸನೆ ಹೋಯ್ತು, ಅಪಾಯ ಕಳೀತು ಅಂದುಕೊಂಡವರು ಅಲ್ಲೇ ಬೀಳುತ್ತಾರೆ.

ಒಂದು ವಾಲ್ವ್ ತಿರುಗಿಸಲು ಎಷ್ಟು ಜನ?

ಸೋರುತ್ತಿರುವುದು ಕ್ಲೋರಿನ್ ಸಿಲಿಂಡರ್ ಅಂತ ಗೊತ್ತಾಯಿತು ಅನ್ನಿ. ಹೋಗಿ ವಾಲ್ವ್ ಬಿಗಿ ಮಾಡಬೇಕು. ಐದು ನಿಮಿಷದ ಕೆಲಸ.

ಹೋಗುವವರನ್ನು ಮೊದಲು ಕುರ್ಚಿಯಲ್ಲಿ ಕೂರಿಸಿ ಬಿಪಿ, ನಾಡಿ ನೋಡುತ್ತಾರೆ. ಜಾಸ್ತಿ ಇದ್ದರೆ ಬಿಡುವುದಿಲ್ಲ. ಆಮೇಲೆ ಬೆನ್ನಿಗೆ ಗಾಳಿ ಸಿಲಿಂಡರ್, ಮುಖಕ್ಕೆ ಮಾಸ್ಕ್, ಅದರ ಮೇಲೆ ಇಡೀ ಮೈ ಮುಚ್ಚುವ ಸೂಟ್. ಈ ಸೂಟಿನೊಳಗೆ ಹೊರಗಿನ ಗಾಳಿ ಬರುವಂತಿಲ್ಲ, ಹಾಗಾಗಿ ಒಳಗಿನ ಬೆವರೂ ಹೊರಗೆ ಹೋಗುವಂತಿಲ್ಲ. ಸ್ವಂತ ಕೈಯಲ್ಲಿ ಜಿಪ್ ಎಳೆದುಕೊಳ್ಳಲು ಆಗುವುದಿಲ್ಲ, ಪಕ್ಕದವರು ಎಳೆಯಬೇಕು. ಜಿಪ್ ಮುಚ್ಚಿದ ಸ್ವಲ್ಪ ಹೊತ್ತಿಗೆ ಮುಂದಿನ ಗಾಜು ಮಬ್ಬಾಗುತ್ತದೆ. ಒಳಗಿಂದ ಕೈ ಬಿಡಿಸಿಕೊಂಡು ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಪದರ ಪದರ ಗ್ಲೌಸ್ ಹಾಕಿದ ಬೆರಳಿಗೆ ಸ್ಪ್ಯಾನರ್ ಹಿಡಿದದ್ದೇ ಗೊತ್ತಾಗುವುದಿಲ್ಲ. ರೇಡಿಯೋ ಕೈಕೊಟ್ಟರೆ ಸನ್ನೆಯೇ ಗತಿ. ಗಂಟಲು ಹಿಡಿದುಕೊಂಡರೆ "ಗಾಳಿ ಮುಗಿಯುತ್ತಿದೆ" ಅಂತ.

ಸಿಲಿಂಡರಿನ ಮೇಲೆ 60 ನಿಮಿಷ ಅಂತ ಬರೆದಿರಬಹುದು. ಏದುಸಿರು ಬಿಡುವವನಿಗೆ ಅದು ಅಷ್ಟು ಹೊತ್ತು ಬರುವುದಿಲ್ಲ. ಅದರಲ್ಲೇ ನಡೆದು ಹೋಗುವ ಹೊತ್ತು, ನಡೆದು ಬರುವ ಹೊತ್ತು, ಬಂದ ಮೇಲೆ ಸೂಟಿನ ಮೇಲೆ ಅಂಟಿದ್ದನ್ನು ತೊಳೆಸಿಕೊಳ್ಳುವ ಹೊತ್ತು ಎಲ್ಲ ಕಳೆಯಬೇಕು. ಕೆಲಸಕ್ಕೆ ಉಳಿಯುವುದು ಸುಮಾರು 20 ನಿಮಿಷ.

ಈಗ ತಲೆ ಎಣಿಸಿ. ಒಳಗೆ ಒಬ್ಬರೇ ಹೋಗುವಂತಿಲ್ಲ, ಆದ್ದರಿಂದ 2. ಅವರು ಬಿದ್ದರೆ ಎತ್ತಿ ತರಲು ಅದೇ ಸೂಟು ತೊಟ್ಟು ಕಾಯುವವರು 2. ತೊಳೆಯುವ ಜಾಗದಲ್ಲಿ ಕನಿಷ್ಠ 2. ವಸ್ತುವಿನ ಗುಣ, ಗಾಳಿಯ ದಿಕ್ಕು, ಎಷ್ಟು ದೂರದವರೆಗೆ ಜನರನ್ನು ಕಳಿಸಬೇಕು ಅಂತ ಪುಸ್ತಕ, ಕಂಪ್ಯೂಟರ್ ನೋಡಿ ಹೇಳುವವರು 1. ಬೇರೆ ಯಾವ ಕೆಲಸವನ್ನೂ ಮಾಡದೆ ಸುರಕ್ಷತೆಯನ್ನಷ್ಟೇ ನೋಡುತ್ತಾ, ತಪ್ಪು ಕಂಡ ತಕ್ಷಣ "ನಿಲ್ಲಿಸಿ" ಅನ್ನುವವರು 1. ಇದನ್ನೆಲ್ಲ ನಡೆಸುವ ಅಧಿಕಾರಿ 1. ಒಂಬತ್ತು ಜನ, ಒಂದು ವಾಲ್ವ್. ಇದು ಆಡಂಬರವಲ್ಲ. ಒಳಗೆ ಇಬ್ಬರಾದರೂ ಹೋಗಬೇಕು, ಹೊರಗೆ ಬದಲಿ ಜನ ಸಿದ್ಧವಿರಬೇಕು ಅನ್ನುವುದು ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲೇ ಬರೆದಿರುವ ಮಾತು.

ತೊಳೆಯುವ ಇಬ್ಬರನ್ನು ಉಳಿಸೋಣ ಅನ್ನಿಸುವವರು 1995ರ ಟೋಕಿಯೊ ಮೆಟ್ರೊ ದಾಳಿಯನ್ನು ನೆನೆಯಬೇಕು. ಸರಿನ್ ವಿಷಕ್ಕೆ ಸಿಕ್ಕವರು ಹಾಗೆಯೇ ಆಸ್ಪತ್ರೆಗೆ ಹೋದರು. ಅವರ ಬಟ್ಟೆಯಿಂದ ಹೊರಟ ಆವಿ ಚಿಕಿತ್ಸೆ ಕೊಡುತ್ತಿದ್ದ ಸಿಬ್ಬಂದಿಯನ್ನೂ ಬಾಧಿಸಿತು.

ಒಂದು ಕುರ್ಚಿಗೆ ನಾಲ್ಕೂ ಚಿಲ್ಲರೆ ಮಂದಿ

ಬಜೆಟ್ ಕಾಗದ ನೋಡಿ ಜನ ಗಾಬರಿಯಾಗುವುದು ಇಲ್ಲಿ. ಸ್ಥಳಕ್ಕೆ ಒಂಬತ್ತು ಜನ ಬೇಕಾದರೆ ಹುದ್ದೆ ಒಂಬತ್ತೇ ಸಾಕಲ್ಲ?

ವರ್ಷಕ್ಕೆ 8,760 ಗಂಟೆ. ಸೋರಿಕೆ ಕಚೇರಿ ಸಮಯ ನೋಡಿ ಆಗುವುದಿಲ್ಲ, ಹಾಗಾಗಿ ಕುರ್ಚಿ ಅಷ್ಟೂ ಹೊತ್ತು ಖಾಲಿ ಇರಬಾರದು. ಒಬ್ಬ ವ್ಯಕ್ತಿಯ ಲೆಕ್ಕ ಹಾಕಿ: 365 ದಿನದಲ್ಲಿ ವಾರದ ರಜೆ 52, ಇತರ ರಜೆ 40 ಅನ್ನಿ, ತರಬೇತಿಗೆ 13. ಉಳಿದದ್ದು 260 ದಿನ. ದಿನಕ್ಕೆ 8 ಗಂಟೆಯಂತೆ 2,080 ಗಂಟೆ. 8,760ನ್ನು ಇದರಿಂದ ಭಾಗಿಸಿದರೆ 4.2. ಅಂದರೆ ಒಂದು ಕುರ್ಚಿ ಹಗಲೂ ರಾತ್ರಿ ತುಂಬಿರಬೇಕಾದರೆ ನಾಲ್ಕು ಜನ ಸಾಲುವುದಿಲ್ಲ. ಒಂಬತ್ತು ಕುರ್ಚಿಗೆ 38 ಜನ! ರಜೆ, ಪಾಳಿ ಬೇರೆಯಾದರೆ ಅಂಕಿ ಬದಲಾಗುತ್ತದೆ, ಲೆಕ್ಕದ ಬಗೆ ಇದೇ.

ಅಷ್ಟು ಜನರನ್ನು ಬರೀ ಇದಕ್ಕೇ ಇಡುವುದು ದೊಡ್ಡ ನಗರಗಳಿಗೂ ಭಾರ. ಅದಕ್ಕೇ ಬೇರೆ ಬೇರೆ ದಾರಿಗಳಿವೆ. ಒಂದು ಠಾಣೆಯ ಸಿಬ್ಬಂದಿಗೆಲ್ಲ ತರಬೇತಿ ಕೊಟ್ಟು, ದಿನವೂ ಮಾಮೂಲಿ ಇಂಜಿನ್‌ನಲ್ಲೇ ಇರಿಸಿ, ಹ್ಯಾಜ್‌ಮ್ಯಾಟ್ ಕರೆ ಬಂದಾಗ ಗಾಡಿ ಬದಲಿಸಿ ಹೋಗುವಂತೆ ಮಾಡುವುದು ಒಂದು. ಇದರಲ್ಲಿ ದುಡ್ಡು ಉಳಿಯುತ್ತದೆ, ಆದರೆ ಅವರು ಆ ಹೊತ್ತಿಗೆ ಎಲ್ಲೋ ಮನೆ ಬೆಂಕಿ ಆರಿಸುತ್ತಿದ್ದರೆ ತಂಡವೇ ಇಲ್ಲ. ಅಕ್ಕಪಕ್ಕದ ಹಲವು ದಳಗಳು ಸೇರಿ ಒಂದು ತಂಡ ಸಾಕುವುದು ಇನ್ನೊಂದು. ಆಗ ಖರ್ಚು ಹಂಚಿಹೋಗುತ್ತದೆ, ಬರುವ ಹೊತ್ತು ಹೆಚ್ಚುತ್ತದೆ. ರಜೆಯಲ್ಲಿರುವವರನ್ನು ಫೋನ್ ಮಾಡಿ ಕರೆಸುವ ಪದ್ಧತಿಯೂ ಇದೆ. ಹೆಚ್ಚಿನ ಕಡೆ ನಡೆಯುವುದು ಇವುಗಳ ಬೆರಕೆ.

ಯಾವ ಯಾವ ಹುದ್ದೆ?

ಅಮೆರಿಕದ ನಿಯಮ ತರಬೇತಿಯನ್ನು ಮೆಟ್ಟಿಲುಗಳಾಗಿ ಹೇಳುತ್ತದೆ, ಬೇರೆ ಕಡೆಗಳಲ್ಲೂ ಹೋಲುವ ವ್ಯವಸ್ಥೆಗಳಿವೆ. ಮೊದಲ ಮೆಟ್ಟಿಲಿನವರು ಅಪಾಯ ಗುರುತಿಸಿ, ದೂರ ನಿಂತು ವಿಷಯ ಮುಟ್ಟಿಸುವವರು. ಎರಡನೆಯವರು ವಸ್ತುವಿನ ಹತ್ತಿರ ಹೋಗದೆ ಅದು ಹರಡದಂತೆ ನೋಡಿಕೊಳ್ಳುವವರು, ಚರಂಡಿಗೆ ಮಣ್ಣು ಅಡ್ಡ ಹಾಕುವುದು ಇತ್ಯಾದಿ. ಕನಿಷ್ಠ 8 ಗಂಟೆ ತರಬೇತಿ. ಮೂರನೆಯವರು ಟೆಕ್ನಿಷಿಯನ್‌ಗಳು, ಸೂಟು ತೊಟ್ಟು ವಾಲ್ವ್ ಹತ್ತಿರ ಹೋಗುವವರು. ಕಾಗದದ ಮೇಲೆ ಕನಿಷ್ಠ 24 ಗಂಟೆ, ವಾಸ್ತವದಲ್ಲಿ ಹಲವು ದಳಗಳು 80 ಗಂಟೆಯೋ ಅದಕ್ಕಿಂತ ಜಾಸ್ತಿಯೋ ಕಲಿಸುತ್ತವೆ. ಅವರ ಮೇಲೆ ಒಂದೊಂದು ವಸ್ತುವಿನ ಬಗ್ಗೆ ಆಳವಾಗಿ ಬಲ್ಲ ಸ್ಪೆಷಲಿಸ್ಟ್, ಇಡೀ ಘಟನೆ ನಿಭಾಯಿಸುವ ಕಮಾಂಡರ್. ಪ್ರತಿ ವರ್ಷ ಮರುತರಬೇತಿ. ತಂಡದವರಿಗೆ ಸೇರುವಾಗಲೇ ವೈದ್ಯಕೀಯ ತಪಾಸಣೆ, ಮುಂದೆಯೂ ಆಗಾಗ.

ಮೊದಲ ಎರಡು ಮೆಟ್ಟಿಲು ದಳದ ಎಲ್ಲರಿಗೂ ಬೇಕಾದದ್ದು. ಹೊಸ ಹುದ್ದೆ ಅನ್ನುವ ಮಾತು ಬರುವುದು ಮೂರರಿಂದ ಮೇಲೆ. ಇವುಗಳ ಜೊತೆ ಕಣ್ಣಿಗೆ ಬೀಳದ ಒಂದು ಹುದ್ದೆ ಇದೆ: ಸಂಯೋಜಕ. ಒಂದೇ ಒಂದು ಹುದ್ದೆಗೆ ದುಡ್ಡಿದೆ ಅಂದರೆ ಮೊದಲು ತುಂಬಬೇಕಾದದ್ದು ಇದನ್ನು ಅಂತ ನನಗನ್ನಿಸುತ್ತದೆ. ಯಾವ ಗೋದಾಮಿನಲ್ಲಿ ಏನಿದೆ, ಯಾರ ತರಬೇತಿ ಅವಧಿ ಮುಗಿಯುತ್ತಿದೆ, ಯಾವ ಮೀಟರಿನ ಸೆನ್ಸರ್ ಬದಲಿಸಬೇಕು ಎಂಬುದರ ಲೆಕ್ಕ ಇಡುವವರು ಇವರೇ. ಈ ಕೆಲಸವನ್ನು ಬೇರೆ ಅಧಿಕಾರಿಗೆ ಹೆಚ್ಚುವರಿ ಪ್ರಭಾರ ಅಂತ ಅಂಟಿಸಿದರೆ ಮೊದಲ ಬ್ಯಾಟರಿ ಸತ್ತ ದಿನ ಮೀಟರ್ ಮೂಲೆ ಸೇರುತ್ತದೆ.

ಏನೂ ಆಗದ ದಿನ ಏನು ಮಾಡುತ್ತಾರೆ?

ಇದು ಎಲ್ಲರೂ ಕೇಳುವ ಪ್ರಶ್ನೆ, ಕೇಳಬೇಕಾದದ್ದೂ ಹೌದು. ದೊಡ್ಡ ಸೋರಿಕೆ ದಿನಾ ಆಗುವುದಿಲ್ಲ.

ಬೆಳಿಗ್ಗೆ ಪಾಳಿ ಬದಲಾದಾಗ ಮೀಟರ್‌ಗಳನ್ನು ಹೊರಗೆ, ಶುದ್ಧ ಗಾಳಿಯಲ್ಲಿ ಆನ್ ಮಾಡುತ್ತಾರೆ. ಆಮ್ಲಜನಕ 20.9 ತೋರಿಸಬೇಕು. ಆಮೇಲೆ ಪ್ರಮಾಣ ಗೊತ್ತಿರುವ ಅನಿಲದ ಪುಟ್ಟ ಡಬ್ಬಿಯಿಂದ ಒಂದಿಷ್ಟು ಬಿಟ್ಟು, ಅಲಾರಾಂ ಕೂಗುತ್ತದೆಯೇ ನೋಡುತ್ತಾರೆ. ಕೂಗದಿದ್ದರೆ ಆ ಮೀಟರ್ ಅವತ್ತು ಗಾಡಿ ಹತ್ತುವುದಿಲ್ಲ. ಸೂಟುಗಳಿಗೆ ಗಾಳಿ ತುಂಬಿ, ಒತ್ತಡ ಇಳಿಯುತ್ತದೆಯೇ ಅಂತ ಕಾದು ನೋಡುವ ಪರೀಕ್ಷೆಯೂ ಇದೆ, ಸೈಕಲ್ ಟ್ಯೂಬ್ ಪಂಕ್ಚರ್ ನೋಡಿದ ಹಾಗೆ.

ಮಧ್ಯಾಹ್ನ ಗೋದಾಮು, ಆಸ್ಪತ್ರೆ, ನೀರು ಶುದ್ಧೀಕರಣ ಘಟಕಗಳಿಗೆ ಹೋಗಿ ಪಟ್ಟಿ ಮಾಡುತ್ತಾರೆ. ವಾಲ್ವ್ ಎಲ್ಲಿದೆ, ಕೀಲಿ ಯಾರ ಹತ್ತಿರ, ಚರಂಡಿ ಎಲ್ಲಿಗೆ ಸೇರುತ್ತದೆ. ಅಮೆರಿಕದಲ್ಲಿ ಕಂಪನಿಗಳು ತಮ್ಮಲ್ಲಿರುವ ರಾಸಾಯನಿಕಗಳ ಪಟ್ಟಿಯನ್ನು ಅಗ್ನಿಶಾಮಕ ದಳಕ್ಕೆ ಕೊಡಲೇಬೇಕೆಂಬ ಕಾನೂನು ಬಂದದ್ದು 1986ರಲ್ಲಿ, 1984ರ ಭೋಪಾಲ್ ದುರಂತದ ಬೆನ್ನಲ್ಲೇ. ಆದರೆ ಪಟ್ಟಿ ಬಂದು ಕಪಾಟಿನಲ್ಲಿ ಕೂತರೆ ಪ್ರಯೋಜನ ಇಲ್ಲ. 2013ರ ಏಪ್ರಿಲ್ 17ರಂದು ಟೆಕ್ಸಾಸ್‌ನ ವೆಸ್ಟ್ ಎಂಬ ಊರಿನ ಗೊಬ್ಬರ ಗೋದಾಮಿನಲ್ಲಿ ಅಮೋನಿಯಂ ನೈಟ್ರೇಟ್ ಸಿಡಿದು 15 ಜನ ಸತ್ತರು. 12 ಮಂದಿ ನೆರವಿಗೆ ಓಡಿ ಬಂದವರು.

ಸಣ್ಣ ಕರೆಗಳೂ ಇರುತ್ತವೆ. ಗ್ಯಾಸ್ ವಾಸನೆ, ಅಪಘಾತದಲ್ಲಿ ಚೆಲ್ಲಿದ ಡೀಸೆಲ್, ಮಾನಾಕ್ಸೈಡ್ ಅಲಾರಾಂ. ಈಗೀಗ ಲಿಥಿಯಂ ಬ್ಯಾಟರಿ ಸೇರಿಕೊಂಡಿದೆ. ಆರಿತು ಅಂದುಕೊಂಡ ಬ್ಯಾಟರಿ ಗಂಟೆಗಳಾದ ಮೇಲೆ ಮತ್ತೆ ಹೊತ್ತಿಕೊಳ್ಳಬಹುದು, ಅದು ಬಿಡುವ ಅನಿಲ ವಿಷವೂ ಹೌದು, ಉರಿಯುವಂಥದ್ದೂ ಹೌದು. 2019ರ ಏಪ್ರಿಲ್‌ನಲ್ಲಿ ಅರಿಝೋನಾದ ವಿದ್ಯುತ್ ಸಂಗ್ರಹ ಘಟಕವೊಂದರ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಒಳಗೆ ತುಂಬಿದ್ದ ಅನಿಲ ಸಿಡಿದು ಅಗ್ನಿಶಾಮಕರು ಗಂಭೀರವಾಗಿ ಗಾಯಗೊಂಡರು. ಗಾಯಗೊಂಡವರಲ್ಲಿ ಹ್ಯಾಜ್‌ಮ್ಯಾಟ್ ತಂಡದವರೇ ಇದ್ದರು. ಗೊತ್ತಿರುವವರಿಗೂ ಹೊಸ ವಸ್ತು ಹೊಸ ಪಾಠವೇ.

ದುಡ್ಡು ಯಾರದು?

ಗಾಡಿ, ಸೂಟು, ಮೀಟರ್ ಒಮ್ಮೆ ಕೊಳ್ಳುವಂಥವು, ಅನುದಾನ ಸಿಗುವುದೂ ಸುಲಭ. ಸಂಬಳ ಪ್ರತಿ ತಿಂಗಳ ಬಾಬ್ತು. ಹಾಗಾಗಿ ಗಾಡಿ ಬಂದು ನಿಂತು, ಹತ್ತಲು ಜನ ಇಲ್ಲದ ಸ್ಥಿತಿ ಹುಟ್ಟುತ್ತದೆ. ಕೆಲವು ಕಡೆ ರಾಸಾಯನಿಕ ದಾಸ್ತಾನು ಇಡುವವರಿಂದ ಪರವಾನಗಿ ಶುಲ್ಕ ಪಡೆದು ಈ ಹುದ್ದೆಗಳಿಗೆ ಬಳಸುತ್ತಾರೆ. ಚೆಲ್ಲಿದವರಿಂದಲೇ ಖರ್ಚು ವಸೂಲು ಮಾಡುವ ಪದ್ಧತಿಯೂ ಇದೆ. ಆದರೆ ಚೆಲ್ಲಿದವರು ಸಿಗಬೇಕಲ್ಲ, ಮತ್ತೆ ಎಷ್ಟು ಚೆಲ್ಲುತ್ತಾರೆ ಅಂತ ನೆಚ್ಚಿಕೊಂಡು ಸಂಬಳ ಕೊಡಲಾಗುವುದಿಲ್ಲ.

ಕಾರ್ಖಾನೆಯವರೇ ತಂಡ ಇಟ್ಟುಕೊಳ್ಳಲಿ ಅನ್ನುವವರಿದ್ದಾರೆ. ದೊಡ್ಡವರು ಇಟ್ಟುಕೊಂಡಿರುತ್ತಾರೆ. ಅವರಿಗೆ ತಮ್ಮ ವಸ್ತು ಚೆನ್ನಾಗಿ ಗೊತ್ತು. ಆದರೆ ಅವರ ಜವಾಬ್ದಾರಿ ಬಹುತೇಕ ಕಾಂಪೌಂಡ್ ಗೋಡೆಯವರೆಗೆ. ಟ್ಯಾಂಕರ್ ಮಗುಚುವುದು ರಸ್ತೆಯಲ್ಲಿ.

ಮಂಜೂರಾದ ಮೇಲೆ ಎಷ್ಟು ದಿನ?

ಹುದ್ದೆ ಮಂಜೂರಾದ ಮರುದಿನ ತಂಡ ಹುಟ್ಟುವುದಿಲ್ಲ. ಹೊಸಬರನ್ನು ನೇಮಿಸಿದರೆ ಅವರು ಮೊದಲು ಬೆಂಕಿ ಆರಿಸುವುದನ್ನೇ ಕಲಿಯಬೇಕು. ಅದಕ್ಕೇ ಹೆಚ್ಚಿನ ದಳಗಳು ಇರುವ ಅನುಭವಿಗಳನ್ನು ಹ್ಯಾಜ್‌ಮ್ಯಾಟ್‌ಗೆ ತೆಗೆದುಕೊಂಡು, ಅವರು ಬಿಟ್ಟ ಜಾಗಕ್ಕೆ ಹೊಸಬರನ್ನು ತುಂಬುತ್ತವೆ. ಟೆಕ್ನಿಷಿಯನ್ ತರಬೇತಿಗೆ ಕೆಲವು ವಾರ ಬೇಕು, ಎಲ್ಲರನ್ನೂ ಒಟ್ಟಿಗೆ ಕಳಿಸಿದರೆ ಠಾಣೆ ಖಾಲಿಯಾಗುತ್ತದೆ, ಆದ್ದರಿಂದ ಸರದಿ. ಸೂಟುಗಳನ್ನು ಅಳತೆ ನೋಡಿ ತರಿಸಬೇಕು. ಮಾಸ್ಕ್ ಒಬ್ಬೊಬ್ಬರ ಮುಖಕ್ಕೂ ಸರಿಯಾಗಿ ಕೂರುತ್ತದೆಯೇ ಅಂತ ಪರೀಕ್ಷಿಸಬೇಕು, ಗಡ್ಡ ಇದ್ದರೆ ಕೂರುವುದಿಲ್ಲ. ಅಲ್ಲಿಯವರೆಗೆ ದೊಡ್ಡ ಸೋರಿಕೆಯಾದರೆ ಯಾರನ್ನು ಕರೆಯಬೇಕು ಅನ್ನುವುದಕ್ಕೆ ಪಕ್ಕದ ದಳದ ಜೊತೆ ಲಿಖಿತ ಒಪ್ಪಂದ ಬೇಕು. ಆ ಫೋನ್ ನಂಬರ್ ಕಂಟ್ರೋಲ್ ರೂಮಿನ ಗೋಡೆಯ ಮೇಲಿರಬೇಕು, ರಾತ್ರಿ ಪಾಳಿಯವರಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ.